ಸಂಸತ್ತು ಅಂದರೆ ಯಾರು? ದಕ್ಷಿಣ ಆಫ್ರಿಕಾದ ಒಂದು ಹಳೇ ಜಗಳ

ಒಂದು ಹಾಲಿನ ಸೊಸೈಟಿ ಇದೆ ಅಂದುಕೊಳ್ಳಿ. ಸೊಸೈಟಿಯ ಜಾಗ ಮಾರಬೇಕಾದರೆ ಎಲ್ಲ ಸದಸ್ಯರ ಮಹಾಸಭೆ ಕರೆಯಬೇಕು, ಮೂರನೇ ಎರಡರಷ್ಟು ಜನ ಒಪ್ಪಬೇಕು ಅಂತ ಬೈಲಾದಲ್ಲಿ ಬರೆದಿದೆ. ಒಂದು ಸಂಜೆ ಆಡಳಿತ ಮಂಡಳಿಯವರು ತಮ್ಮ ಪಾಡಿಗೆ ಕೂತು, ಏಳು-ಐದು ಮತದಲ್ಲಿ ಜಾಗ ಮಾರುವ ಠರಾವು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ, "ಸೊಸೈಟಿ ತೀರ್ಮಾನ ಮಾಡಿಬಿಟ್ಟಿದೆ" ಅಂದರೆ? ಜಾಗ ಮಾರೋದು ಸರಿಯೋ ತಪ್ಪೋ ಅನ್ನೋ ಮಾತು ಆಮೇಲಿರಲಿ. ನೀವು ಮೊದಲು ಕೇಳೋದು ಒಂದೇ: ಸೊಸೈಟಿ ಅಂದರೆ ಯಾರು ಸ್ವಾಮಿ, ನೀವು ಹನ್ನೆರಡು ಜನವೋ?

1951ರಿಂದ 1956ರವರೆಗೆ ದಕ್ಷಿಣ ಆಫ್ರಿಕಾದ ಕೋರ್ಟು ಮತ್ತು ಸಂಸತ್ತಿನ ನಡುವೆ ನಡೆದದ್ದು ಇದೇ ಜಗಳ. ಜಾಗದ ಬದಲು ಅಲ್ಲಿದ್ದದ್ದು ಸಾವಿರಾರು ಜನರ ಓಟು. ನಾನು ವಕೀಲನಲ್ಲ, ಆದರೆ ಈ ಕಥೆಯನ್ನು ಓದಿದಾಗಲೆಲ್ಲ ನನಗೆ "ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ" ಅನ್ನೋ ಗಾದೆ ನೆನಪಾಗುತ್ತದೆ. ಇಲ್ಲಿ ಒಂದು ಸರ್ಕಾರ ಮೂರು ಸಲ ತೂರಲು ನೋಡಿತು. ಎರಡು ಸಲ ಸಿಕ್ಕಿಬಿತ್ತು, ಮೂರನೇ ಸಲ ದಾಟಿಬಿಟ್ಟಿತು. ಹೇಗೆ ದಾಟಿತು ಅನ್ನೋದೇ ಇದರಲ್ಲಿ ತಿಳಿಯಬೇಕಾದ ವಿಷಯ.

ಮೊದಲು ಹಿನ್ನೆಲೆ. 1910ರ ಮೇ 31ರಂದು ಕೇಪ್, ನಟಾಲ್, ಟ್ರಾನ್ಸ್‌ವಾಲ್, ಆರೆಂಜ್ ರಿವರ್ ಎಂಬ ನಾಲ್ಕು ಬ್ರಿಟಿಷ್ ವಸಾಹತುಗಳು ಸೇರಿ ದಕ್ಷಿಣ ಆಫ್ರಿಕಾ ಒಕ್ಕೂಟ ಹುಟ್ಟಿತು. ಅದರ ಸಂವಿಧಾನ ಅಂದರೆ ಬ್ರಿಟನ್ನಿನ ಸಂಸತ್ತು 1909ರಲ್ಲಿ ಮಾಡಿದ ಒಂದು ಕಾಯ್ದೆ, ಸೌತ್ ಆಫ್ರಿಕಾ ಆಕ್ಟ್. ಈ ನಾಲ್ಕರಲ್ಲಿ ಕೇಪ್‌ನ ರೀತಿ ಬೇರೆ. ಅಲ್ಲಿ 1853ರಿಂದಲೂ ಮತದಾನಕ್ಕೆ ಆಸ್ತಿ ಅಥವಾ ಆದಾಯ ನೋಡುತ್ತಿದ್ದರು, ಚರ್ಮದ ಬಣ್ಣ ನೋಡುತ್ತಿರಲಿಲ್ಲ. ಆಸ್ತಿಯ ಗೆರೆ ಎಳೆದರೆ ಬಡವರು ಯಾರು ಹೊರಗುಳಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಆಮೇಲೆ ಆ ಗೆರೆಯನ್ನು ಮೇಲೆ ಮೇಲೆ ಏರಿಸಿದ್ದೂ ಹೌದು. ಆದರೂ ಕಾನೂನಿನ ಪುಸ್ತಕದಲ್ಲಿ ಬಣ್ಣದ ಮಾತಿರಲಿಲ್ಲ. ಉತ್ತರದ ಟ್ರಾನ್ಸ್‌ವಾಲ್ ಮತ್ತು ಆರೆಂಜ್ ರಿವರ್ ಕಡೆಯವರು ಬಿಳಿಯರಲ್ಲದವರಿಗೆ ಓಟು ಕೊಡೋ ಮಾತೇ ಇಲ್ಲ ಅನ್ನುತ್ತಿದ್ದರು. ಕೇಪ್‌ನವರು ತಮ್ಮ ಪದ್ಧತಿ ಬಿಡಲ್ಲ ಅಂದರು. ಕೊನೆಗೆ ಒಂದು ರಾಜಿ ಆಯಿತು.

ರಾಜಿ ಏನಪ್ಪಾ ಅಂದರೆ, ಆಯಾ ಪ್ರಾಂತ್ಯದಲ್ಲಿ ಅಲ್ಲಲ್ಲಿಯ ಪದ್ಧತಿಯೇ ಮುಂದುವರಿಯಲಿ. ಕೇಪ್‌ನಲ್ಲಿ ಬರೀ ಬಣ್ಣದ ಕಾರಣಕ್ಕೆ ಯಾರದಾದರೂ ಓಟು ಕಿತ್ತುಕೊಳ್ಳಬೇಕಾದರೆ ಸಂಸತ್ತಿನ ಎರಡೂ ಮನೆಗಳು ಒಟ್ಟಿಗೆ ಕೂರಬೇಕು, ಮೂರನೇ ವಾಚನದಲ್ಲಿ, ಅಂದರೆ ಮಸೂದೆಗೆ ಕೊನೆಯ ಮತ ಹಾಕುವಾಗ, ಎರಡೂ ಮನೆಗಳ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಇದು 35ನೇ ಸೆಕ್ಷನ್. 137ನೇ ಸೆಕ್ಷನ್ ಇಂಗ್ಲಿಷ್ ಮತ್ತು ಡಚ್ ಭಾಷೆಗಳಿಗೆ ಸಮಾನ ಸ್ಥಾನ ಕೊಟ್ಟಿತು. ಈ ಎರಡನ್ನೂ ಬದಲಿಸಲು ಇದೇ ಮೂರನೇ ಎರಡರ ದಾರಿ ಹಿಡಿಯಬೇಕು, ಈ ನಿಯಮವನ್ನು ಬದಲಿಸಲೂ ಇದೇ ದಾರಿ ಅಂತ 152ನೇ ಸೆಕ್ಷನ್ ಬೀಗ ಜಡಿಯಿತು. ಉಳಿದದ್ದಕ್ಕೆಲ್ಲ ಸಾಮಾನ್ಯ ಬಹುಮತ ಸಾಕು.

ಬೀಗಕ್ಕೂ ಬೀಗ ಹಾಕಿದ್ದನ್ನು ಗಮನಿಸಿ. ಇಲ್ಲದಿದ್ದರೆ ಮೊದಲು 152 ಅನ್ನು ಸಾಮಾನ್ಯ ಬಹುಮತದಲ್ಲಿ ಅಳಿಸಿ, ಆಮೇಲೆ 35ಕ್ಕೆ ಕೈ ಹಾಕಬಹುದಿತ್ತು. ಬರೆದವರು ದಡ್ಡರಲ್ಲ.

ಇದೇ ಕಾಯ್ದೆಯಲ್ಲಿ ಸಂಸತ್ತಿನ ಸದಸ್ಯರಾಗುವವರು ಯುರೋಪ್ ಮೂಲದವರೇ ಆಗಿರಬೇಕು ಅನ್ನೋ ಸಾಲೂ ಇತ್ತು. ಅದನ್ನು ವಿರೋಧಿಸಲು 1909ರಲ್ಲಿ ಲಂಡನ್ನಿಗೆ ಒಂದು ನಿಯೋಗ ಹೋಯಿತು. ಮುಂದಾಳು ಕೇಪ್‌ನ ಹಿಂದಿನ ಪ್ರಧಾನಿ ಡಬ್ಲ್ಯು. ಪಿ. ಶ್ರೈನರ್. ಜೊತೆಗೆ ಜಾನ್ ಟೆಂಗೊ ಜಬಾವು, ಅಬ್ದುಲ್ಲಾ ಅಬ್ದುರಹ್ಮಾನ್, ವಾಲ್ಟರ್ ರುಬುಸಾನಾ ಇದ್ದರು. ಫಲ ಸಿಗಲಿಲ್ಲ. ಶ್ರೈನರ್ ಅನ್ನೋ ಹೆಸರು ನೆನಪಿನಲ್ಲಿರಲಿ, ಮತ್ತೆ ಬರುತ್ತದೆ.

ಈಗ ಸ್ವಲ್ಪ ಕಗ್ಗಂಟಿನ ಭಾಗ, ನಿಧಾನವಾಗಿ ಓದಿ. ಬ್ರಿಟನ್ನಿನಲ್ಲಿ ಬರೆದಿಟ್ಟ ಸಂವಿಧಾನವಿಲ್ಲ. ಅಲ್ಲಿ ಸಂಸತ್ತು ಏನು ಬೇಕಾದರೂ ಕಾನೂನು ಮಾಡಬಹುದು, ಇವತ್ತಿನ ಸಂಸತ್ತು ನಾಳೆಯ ಸಂಸತ್ತಿನ ಕೈ ಕಟ್ಟುವಂತಿಲ್ಲ, ಕೋರ್ಟು ಅದನ್ನು ಪ್ರಶ್ನಿಸುವಂತಿಲ್ಲ. ಗಂಡನ್ನು ಹೆಣ್ಣು ಮಾಡೋದೊಂದು ಬಿಟ್ಟು ಉಳಿದದ್ದೆಲ್ಲ ಅದರ ಕೈಲಾಗುತ್ತದೆ ಅಂತ ಹಳೆಯ ಮಾತೇ ಇದೆ. ವಸಾಹತುಗಳ ಶಾಸನಸಭೆಗಳಿಗೆ ಆ ಭಾಗ್ಯ ಇರಲಿಲ್ಲ. ವಸಾಹತಿನ ಕಾನೂನು ತನಗೆ ಅನ್ವಯಿಸುವ ಬ್ರಿಟಿಷ್ ಕಾನೂನಿಗೆ ಎದುರಾದರೆ ಅಷ್ಟರ ಮಟ್ಟಿಗೆ ಬಿದ್ದುಹೋಗುತ್ತದೆ ಅಂತ 1865ರ ಕಲೋನಿಯಲ್ ಲಾಸ್ ವ್ಯಾಲಿಡಿಟಿ ಆಕ್ಟ್ ಹೇಳಿತ್ತು. ಹಾಗಾಗಿ ಮೊದಮೊದಲು ಈ ಮೂರನೇ ಎರಡರ ಬೀಗಕ್ಕೆ ಬಲ ಬಂದದ್ದು ಲಂಡನ್ನಿನಿಂದ. ಸೌತ್ ಆಫ್ರಿಕಾ ಆಕ್ಟ್ ಬ್ರಿಟಿಷ್ ಕಾಯ್ದೆ, ಅದನ್ನು ಮೀರಿದರೆ ನಿಮ್ಮ ಕಾನೂನು ಬೀಳುತ್ತದೆ, ಅಷ್ಟೇ.

ಆಮೇಲೆ 1931 ಬಂತು. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮುಂತಾದ, ಬ್ರಿಟಿಷ್ ಸಾಮ್ರಾಜ್ಯದ ಒಳಗಿದ್ದೂ ತಮ್ಮ ಆಡಳಿತ ತಾವೇ ನಡೆಸುತ್ತಿದ್ದ ಡೊಮಿನಿಯನ್‌ಗಳ ಸಂಸತ್ತುಗಳು ಬ್ರಿಟಿಷ್ ಕಾಯ್ದೆಗೆ ಎದುರಾದ ಕಾನೂನನ್ನೂ ಮಾಡಬಹುದು ಅಂತ ಬ್ರಿಟಿಷ್ ಸಂಸತ್ತೇ ಮಾಡಿದ ಸ್ಟ್ಯಾಚೂಟ್ ಆಫ್ ವೆಸ್ಟ್‌ಮಿನ್‌ಸ್ಟರ್ ಹೇಳಿಬಿಟ್ಟಿತು. ಲಂಡನ್ನಿನ ಹಗ್ಗ ಕಡಿಯಿತು. ಹಾಗಾದರೆ ಆ ಹಗ್ಗಕ್ಕೆ ನೇತುಹಾಕಿದ್ದ ಬೀಗದ ಗತಿ? ಅದೂ ಬಿತ್ತೋ, ಉಳಿಯಿತೋ? ಈ ಪ್ರಶ್ನೆ ಆಗಲೇ ಕೆಲವರ ತಲೆಯಲ್ಲಿತ್ತು. ಅದಕ್ಕೇ ಈ ಕಾಯ್ದೆಗೆ ಒಪ್ಪಿಗೆ ಕೊಡುವಾಗ ದಕ್ಷಿಣ ಆಫ್ರಿಕಾದ ಕೆಳಮನೆ, ಬೀಗ ಹಾಕಿದ ಸೆಕ್ಷನ್‌ಗಳಿಗೆ ಇದರಿಂದ ಧಕ್ಕೆ ಬರುವುದಿಲ್ಲ ಅನ್ನೋ ತಿಳಿವಳಿಕೆಯ ಮೇಲೆ ಅಂತ ಠರಾವಿನಲ್ಲೇ ಬರೆಸಿಕೊಂಡಿತ್ತು. ಆದರೆ ಠರಾವು ಕಾನೂನಲ್ಲ ನೋಡಿ.

1936ರಲ್ಲಿ ಕೇಪ್‌ನ ಕರಿಯ ಆಫ್ರಿಕನ್ನರನ್ನು ಸಾಮಾನ್ಯ ಮತದಾರರ ಪಟ್ಟಿಯಿಂದ ತೆಗೆದು ಬೇರೆ ಪಟ್ಟಿಗೆ ಹಾಕಿದರು. ಅವರೆಲ್ಲ ಸೇರಿ ಮೂವರು ಬಿಳಿ ಪ್ರತಿನಿಧಿಗಳನ್ನು ಆರಿಸಬೇಕು. ಈ ಸಲ ಜಂಟಿ ಅಧಿವೇಶನ ಕರೆದೇ ಮಾಡಿದರು, 169 ಮತ ಪರ, 11 ವಿರೋಧ. ಬೀಗವನ್ನು ಕೀಲಿ ಹಾಕಿಯೇ ತೆಗೆದರು ಅನ್ನಿ. ಇದರ ವಿರುದ್ಧ ಎನ್‌ಡ್ಲ್ವಾನಾ ಎಂಬ ಮತದಾರ ಕೋರ್ಟಿಗೆ ಹೋದಾಗ ವಾದ ತಿರುವುಮುರುವಾಗಿತ್ತು. ಇದು 35ನೇ ಸೆಕ್ಷನ್ನಿನ ವಿಷಯವೇ ಅಲ್ಲ, ಹಾಗಾಗಿ ಮನೆಗಳು ಬೇರೆ ಬೇರೆಯಾಗಿ ಕೂರಬೇಕಿತ್ತು, ಜಂಟಿಯಾಗಿ ಕೂತದ್ದೇ ತಪ್ಪು ಅನ್ನೋದು ಆತನ ಕಡೆಯ ತಕರಾರು. 1937ರಲ್ಲಿ ಮೇಲ್ಮನವಿ ಕೋರ್ಟು ಇದನ್ನು ತಳ್ಳಿಹಾಕಿತು. ಅಲ್ಲಿಗೇ ನಿಲ್ಲಲಿಲ್ಲ, ಬೇಡದ ಮಾತನ್ನೂ ಆಡಿಬಿಟ್ಟಿತು: ವೆಸ್ಟ್‌ಮಿನ್‌ಸ್ಟರ್ ಕಾಯ್ದೆ ಬಂದ ಮೇಲೆ ನಮ್ಮ ಸಂಸತ್ತು ಇಂಗ್ಲೆಂಡಿನ ಸಂಸತ್ತಿನ ಹಾಗೆಯೇ, ತನಗೆ ಸರಿ ಕಂಡ ರೀತಿಯಲ್ಲಿ ಕೂತು ಕಾನೂನು ಮಾಡಬಹುದು, ಕೋರ್ಟು ಕೇಳುವಂತಿಲ್ಲ. ಹದಿನಾಲ್ಕು ವರ್ಷದ ನಂತರ ಸರ್ಕಾರ ಎತ್ತಿಕೊಂಡದ್ದು ಈ ಮಾತನ್ನೇ.

1948ರ ಚುನಾವಣೆಯಲ್ಲಿ ಡಿ. ಎಫ್. ಮಲಾನ್ ಅವರ ನ್ಯಾಷನಲ್ ಪಾರ್ಟಿ ಮಿತ್ರಪಕ್ಷದ ಜೊತೆ ಸೇರಿ 153ರಲ್ಲಿ 79 ಸೀಟು ಗೆದ್ದಿತು. ಓಟು ಜಾಸ್ತಿ ಬಿದ್ದದ್ದು ಎದುರು ಪಕ್ಷಕ್ಕೆ, ಸೀಟು ಜಾಸ್ತಿ ಬಂದದ್ದು ಇವರಿಗೆ. ಅಪಾರ್ಥೈಡ್, ಅಂದರೆ ಬಣ್ಣ ನೋಡಿ ಜನರನ್ನು ಬೇರೆ ಬೇರೆ ಇಡೋದು, ಅನ್ನೋ ಪದ ಸರ್ಕಾರದ ನೀತಿಯಾಯಿತು. ಕೇಪ್‌ನ ಸಾಮಾನ್ಯ ಪಟ್ಟಿಯಲ್ಲಿ ಇನ್ನೂ ಉಳಿದಿದ್ದ ಬಿಳಿಯರಲ್ಲದವರು ಅಂದರೆ ಮುಖ್ಯವಾಗಿ 'ಕಲರ್ಡ್' ಅಂತ ಅಲ್ಲಿಯ ಸರ್ಕಾರ ಕರೆಯುತ್ತಿದ್ದ ಜನ. ಅಲ್ಲಿಯ ಮೂಲನಿವಾಸಿ ಖೋಯಿಗಳು, ಯುರೋಪಿಯನ್ನರು, ಡಚ್ ಕಂಪನಿ ಹಡಗಿನಲ್ಲಿ ತುಂಬಿಕೊಂಡು ಬಂದ ಗುಲಾಮರು ಎಲ್ಲರ ರಕ್ತ ಬೆರೆತ ಸಮುದಾಯ. ಆ ಗುಲಾಮರಲ್ಲಿ ನಮ್ಮ ಮಲಬಾರ್ ಮತ್ತು ಕೋರಮಂಡಲ ತೀರದವರೂ ಇದ್ದರು, ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಇವರ ಓಟು ಕೇಪ್‌ನ ಕೆಲವು ಕ್ಷೇತ್ರಗಳಲ್ಲಿ ಸೋಲುಗೆಲುವು ತೀರ್ಮಾನಿಸುತ್ತಿತ್ತು, ಅದೂ ಹೆಚ್ಚಾಗಿ ಮಲಾನ್ ಪಕ್ಷದ ವಿರುದ್ಧ. ಸಿದ್ಧಾಂತ ಒಂದು ಕಡೆ ಇರಲಿ, ಲೆಕ್ಕಾಚಾರ ಇದು.

ಮಲಾನ್ ಬಳಿ ಮೂರನೇ ಎರಡು ಇರಲಿಲ್ಲ. ಹತ್ತಿರವೂ ಇರಲಿಲ್ಲ. ಹಾಗಾಗಿ 1951ರಲ್ಲಿ ಸೆಪರೇಟ್ ರೆಪ್ರೆಸೆಂಟೇಶನ್ ಆಫ್ ವೋಟರ್ಸ್ ಆಕ್ಟ್ ಅನ್ನು ಮಾಮೂಲಿ ಕಾನೂನಿನ ಹಾಗೆ, ಕೆಳಮನೆಯಲ್ಲಿ ಒಮ್ಮೆ, ಮೇಲ್ಮನೆಯಲ್ಲಿ ಒಮ್ಮೆ, ಸಾಮಾನ್ಯ ಬಹುಮತದಲ್ಲಿ ಪಾಸು ಮಾಡಿಕೊಂಡರು. ಕಲರ್ಡ್ ಮತದಾರರು ಬೇರೆ ಪಟ್ಟಿಗೆ ಹೋಗಬೇಕು, ಅವರಿಗೆಲ್ಲ ಸೇರಿ ಕೆಳಮನೆಯಲ್ಲಿ ನಾಲ್ವರು ಬಿಳಿ ಪ್ರತಿನಿಧಿಗಳು. ಇದು ಮೊದಲ ತೂರುವಿಕೆ. ಎರಡನೇ ಮಹಾಯುದ್ಧದಿಂದ ಬಂದ ಮಾಜಿ ಸೈನಿಕರು ಪಂಜು ಹಿಡಿದು ಬೀದಿಗೆ ಇಳಿದರು, ಟಾರ್ಚ್ ಕಮಾಂಡೊ ಅಂತಲೇ ಆ ಚಳವಳಿಗೆ ಹೆಸರು ಬಂತು. ಮುಂದೆ ನಿಂತವರು ಪೈಲಟ್ ಆಗಿ ಹೆಸರು ಮಾಡಿದ್ದ 'ಸೇಲರ್' ಮಲಾನ್, ಪ್ರಧಾನಿಯ ಅಡ್ಡಹೆಸರೇ ಅವರದ್ದೂ.

ಹ್ಯಾರಿಸ್ ಮತ್ತು ಇನ್ನೂ ಕೆಲವು ಮತದಾರರು ಕೋರ್ಟಿಗೆ ಹೋದರು. ಕೇಪ್‌ನ ಕೋರ್ಟು 1937ರ ತೀರ್ಪು ತೋರಿಸಿ, ನಮ್ಮ ಕೈಲಿ ಏನೂ ಇಲ್ಲ ಎಂದಿತು. ಬ್ಲೂಮ್‌ಫಾಂಟೇನ್‌ನಲ್ಲಿದ್ದ ಮೇಲ್ಮನವಿ ಕೋರ್ಟಿಗೆ ವಿಷಯ ಹೋಯಿತು. 1952ರ ಮಾರ್ಚ್ 20ರಂದು ಮುಖ್ಯ ನ್ಯಾಯಮೂರ್ತಿ ಸೆಂಟ್ಲಿವರ್ಸ್ ಮತ್ತು ನಾಲ್ವರು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು: ಈ ಕಾಯ್ದೆ ಕಾಯ್ದೆಯೇ ಅಲ್ಲ.

ಅವರ ತರ್ಕ ನನಗೆ ಬಹಳ ಇಷ್ಟ. ಸರ್ಕಾರದ ವಾದ ಹೀಗಿತ್ತು: ಮೂರನೇ ಎರಡರ ಷರತ್ತು ಬ್ರಿಟಿಷ್ ಕಾಯ್ದೆಯದ್ದು, ಬ್ರಿಟಿಷ್ ಕಾಯ್ದೆಯನ್ನು ಮೀರುವ ಅಧಿಕಾರ 1931ರಲ್ಲಿ ನಮಗೆ ಸಿಕ್ಕಿದೆ, ನಾವೀಗ ಸಾರ್ವಭೌಮರು, ಸಾರ್ವಭೌಮರಿಗೆ ಕಟ್ಟುಪಾಡು ಎಲ್ಲಿಯದು? ಕೋರ್ಟು ಕೇಳಿದ್ದು: ಅಧಿಕಾರ ಸಿಕ್ಕಿದ್ದು ಯಾರಿಗೆ? 'ಡೊಮಿನಿಯನ್ನಿನ ಸಂಸತ್ತಿಗೆ'. ಸರಿ, ಆ ಸಂಸತ್ತು ಅಂದರೆ ಯಾರು? ಅದನ್ನು ವೆಸ್ಟ್‌ಮಿನ್‌ಸ್ಟರ್ ಕಾಯ್ದೆ ಹೇಳೋದಿಲ್ಲ, ಸೌತ್ ಆಫ್ರಿಕಾ ಆಕ್ಟ್ ಹೇಳುತ್ತದೆ. ಸಂಸತ್ತನ್ನು ಹುಟ್ಟಿಸಿದ್ದೇ ಆ ಕಾಯ್ದೆ. ಆ ಕಾಯ್ದೆಯ ಪ್ರಕಾರ ಮಾಮೂಲಿ ವಿಷಯಗಳಿಗೆ ಸಂಸತ್ತು ಅಂದರೆ ಬೇರೆ ಬೇರೆ ಕೂತ ಎರಡು ಮನೆಗಳು. ಕೇಪ್‌ನ ಓಟು ಮತ್ತು ಭಾಷೆಯ ವಿಷಯಕ್ಕೆ ಸಂಸತ್ತು ಅಂದರೆ ಒಟ್ಟಿಗೆ ಕೂತು ಮೂರನೇ ಎರಡರಷ್ಟು ಒಪ್ಪಿದ ಮನೆಗಳು. 1951ರಲ್ಲಿ ಕೂತವರು ಈ ವಿಷಯದ ಮಟ್ಟಿಗೆ ಸಂಸತ್ತೇ ಆಗಿರಲಿಲ್ಲ. ಹಾಗಿದ್ದ ಮೇಲೆ ಅವರು ಮಾಡಿದ್ದು ಸಂಸತ್ತಿನ ಕಾಯ್ದೆ ಹೇಗಾಗುತ್ತದೆ?

ಸಂಸತ್ತಿಗೆ ಆ ಅಧಿಕಾರ ಇಲ್ಲ ಅಂತ ಕೋರ್ಟು ಅನ್ನಲೇ ಇಲ್ಲ, ಗಮನಿಸಿದಿರಾ? ಕಲರ್ಡ್ ಜನರ ಓಟು ಕಿತ್ತುಕೊಳ್ಳಲು ಸಂಸತ್ತಿಗೆ ಪೂರ್ತಿ ಅಧಿಕಾರ ಇದೆ, ಆದರೆ ಸಂಸತ್ತು ಆಗಿ ಬನ್ನಿ ಎಂದಿತು. ಹಾಲಿನ ಸೊಸೈಟಿ ಜಾಗ ಮಾರಬಹುದು, ಮಹಾಸಭೆ ಕರೆಯಿರಿ, ಅಷ್ಟೇ. ಇಂಥ ಷರತ್ತು ಇದ್ದರೆ ದೇಶ ಸಾರ್ವಭೌಮ ಅಲ್ಲ ಅನ್ನೋ ವಾದಕ್ಕೆ ಸೆಂಟ್ಲಿವರ್ಸ್ ಅಮೆರಿಕವನ್ನು ತೋರಿಸಿದರು. ಅಲ್ಲಿಯ ಕಾಂಗ್ರೆಸ್ಸಿಗೆ ಎಷ್ಟೋ ಕಟ್ಟುಪಾಡುಗಳಿವೆ, ಹಾಗಂತ ಅಮೆರಿಕ ಸಾರ್ವಭೌಮ ದೇಶ ಅಲ್ಲ ಅನ್ನುತ್ತೀರಾ? 1937ರ ತೀರ್ಪನ್ನು ತಪ್ಪು ಅಂತ ಬದಿಗಿಟ್ಟರು.

ಮಲಾನ್ ಅದೇ ದಿನ ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಳ್ಳೋಕೆ ಆಗಲ್ಲ ಅಂದರು. ಆಮೇಲೆ ಮಾಡಿದ್ದು ಇದೆಯಲ್ಲ, ಇಡೀ ಕಥೆಯಲ್ಲಿ ನಗು ಬರುವ ಭಾಗ ಅದೊಂದೇ.

1952ರಲ್ಲೇ ಇನ್ನೊಂದು ಕಾನೂನು ತಂದರು, ಹೆಸರು ಹೈಕೋರ್ಟ್ ಆಫ್ ಪಾರ್ಲಿಮೆಂಟ್ ಆಕ್ಟ್. ಸಂಸತ್ತಿನ ಕಾಯ್ದೆಯನ್ನು ಮೇಲ್ಮನವಿ ಕೋರ್ಟು ರದ್ದು ಮಾಡಿದರೆ ಅದರ ಮೇಲೆ ಇನ್ನೂ ಒಂದು 'ಕೋರ್ಟಿ'ಗೆ ಹೋಗಬಹುದು. ಆ ಕೋರ್ಟಿನ ನ್ಯಾಯಾಧೀಶರು ಯಾರು? ಸಂಸತ್ತಿನ ಎಲ್ಲ ಸದಸ್ಯರು! ಕಾನೂನು ಓದಿರಬೇಕಾಗಿಲ್ಲ, ಬಹುಮತದಲ್ಲಿ ತೀರ್ಪು. ಈ ಕಾಯ್ದೆಯನ್ನೂ ಸಾಮಾನ್ಯ ಬಹುಮತದಲ್ಲೇ ಪಾಸು ಮಾಡಿದ್ದು. ಅಂದರೆ ಸೊಸೈಟಿಯ ಆಡಳಿತ ಮಂಡಳಿ ಠರಾವು ಮಾಡುತ್ತದೆ, ಕೋರ್ಟು ಅದು ನಡೆಯಲ್ಲ ಅನ್ನುತ್ತದೆ, ಆಗ ಅದೇ ಹನ್ನೆರಡು ಜನ ಕುರ್ಚಿ ತಿರುಗಿಸಿ ಕೂತು "ಈಗ ನಾವು ಕೋರ್ಟು" ಅನ್ನುತ್ತಾರೆ. ಎದುರು ಪಕ್ಷದವರು ಇದಕ್ಕೆ ಬರಲೇ ಇಲ್ಲ. ಆಗಸ್ಟಿನಲ್ಲಿ ಪ್ರಿಟೋರಿಯಾದಲ್ಲಿ ಆಡಳಿತ ಪಕ್ಷದವರಷ್ಟೇ ಕೂತು, ಗಂಭೀರವಾಗಿ ವಿಚಾರಣೆ ನಡೆಸಿ, ಮೇಲ್ಮನವಿ ಕೋರ್ಟಿನ ತೀರ್ಪನ್ನು ರದ್ದು ಮಾಡಿದರು.

ಮತದಾರರು ಮತ್ತೆ ನಿಜವಾದ ಕೋರ್ಟಿಗೆ ಹೋದರು. ಮೊದಲು ಕೇಪ್‌ನ ಕೋರ್ಟು, ನಂತರ ನವೆಂಬರಿನಲ್ಲಿ ಬ್ಲೂಮ್‌ಫಾಂಟೇನ್, ಎರಡೂ ಈ ಕಾಯ್ದೆಯನ್ನು ಹೊಡೆದುಹಾಕಿದವು. ಬೀಗ ಹಾಕಿದ ಸೆಕ್ಷನ್ ಕೊಟ್ಟ ಹಕ್ಕನ್ನು ಕಾಯಲು ಕೋರ್ಟು ಬೇಕು. ಕೋರ್ಟು ಅಂದರೆ ಬೋರ್ಡು ಬರೆದು ತೂಗುಹಾಕಿದ ಯಾವುದೋ ಸಭೆ ಅಲ್ಲ, ನಿಜವಾದ ಕೋರ್ಟೇ ಆಗಬೇಕು. ಇದು ಬೇರೆ ಹೆಸರಿನ ಸಂಸತ್ತು, ಅಷ್ಟೇ. ಐವರೂ ಒಮ್ಮತ. ಎರಡನೇ ತೂರುವಿಕೆಯೂ ಹೋಯಿತು.

1953ರ ಚುನಾವಣೆಯಲ್ಲಿ ಮಲಾನ್ ಇನ್ನೂ ದೊಡ್ಡ ಬಹುಮತದಿಂದ ಗೆದ್ದರು. ಆದರೂ ಮೂರನೇ ಎರಡು ಆಗಲಿಲ್ಲ. ಜಂಟಿ ಅಧಿವೇಶನ ಕರೆದು ನೋಡಿದರು, ಎದುರು ಪಕ್ಷದವರನ್ನು ಒಡೆಯಲು ನೋಡಿದರು, ಕೆಲವು ಮತ ಪ್ರತಿ ಸಲವೂ ಕಮ್ಮಿಯೇ. 1954ರ ಕೊನೆಗೆ ಮಲಾನ್ ನಿವೃತ್ತರಾಗಿ ಜೆ. ಜಿ. ಸ್ಟ್ರೈಡಮ್ ಪ್ರಧಾನಿಯಾದರು. ಇವರು ಕೋರ್ಟಿನ ಜೊತೆ ವಾದಕ್ಕೆ ಹೋಗಲಿಲ್ಲ. ಕೋರ್ಟು ಹೇಳಿದ್ದನ್ನು ಅಕ್ಷರಶಃ ಪಾಲಿಸಲು ಹೊರಟರು. ಮಹಾಸಭೆ ಕರೆಯಿರಿ ಅಂದಿರಾ? ಆಯ್ತು, ಕರೀತೀವಿ.

ಸಹಕಾರ ಸಂಘದ ಚುನಾವಣೆ ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾಸಭೆಗೆ ಮುಂಚೆ ಒಂದು ರಾಶಿ ಹೊಸ ಸದಸ್ಯರನ್ನು ಸೇರಿಸಿಬಿಡೋದು! 1955ರ ಸೆನೆಟ್ ಆಕ್ಟ್ ಮಾಡಿದ್ದು ಅದನ್ನೇ. ಮೇಲ್ಮನೆಯಲ್ಲಿ 48 ಜನರಿದ್ದರು, ಅದನ್ನು 89 ಮಾಡಿದರು. ಪ್ರಾಂತ್ಯಗಳಿಂದ ಆರಿಸುವ ರೀತಿಯನ್ನೂ ಬದಲಿಸಿದರು. ಮುಂಚೆ ಪಕ್ಷಗಳ ಬಲಕ್ಕೆ ತಕ್ಕ ಹಾಗೆ ಸೀಟು ಹಂಚಿಕೆಯಾಗುತ್ತಿತ್ತು, ಈಗ ಪ್ರಾಂತ್ಯದಲ್ಲಿ ಬಹುಮತ ಇದ್ದವರಿಗೇ ಎಲ್ಲ ಸೀಟು. ಫಲವಾಗಿ 89ರಲ್ಲಿ 77 ಜನ ನ್ಯಾಷನಲ್ ಪಾರ್ಟಿಯವರು. ಸೆನೆಟ್ ಹೇಗಿರಬೇಕು ಅನ್ನೋ ಸೆಕ್ಷನ್‌ಗೆ ಬೀಗ ಇರಲಿಲ್ಲ ನೋಡಿ, ಅದನ್ನು ಸಾಮಾನ್ಯ ಬಹುಮತದಲ್ಲೇ ಬದಲಿಸಬಹುದಿತ್ತು. 1909ರಲ್ಲಿ ಬೀಗಕ್ಕೂ ಬೀಗ ಹಾಕಿದ ಬುದ್ಧಿವಂತರು ಈ ಕಿಟಕಿಯನ್ನು ಮರೆತಿದ್ದರು.

ಜೊತೆಗೆ ಇನ್ನೊಂದು ಕಾಯ್ದೆ. ಸಂಸತ್ತಿನ ಕಾಯ್ದೆಯ ಸಿಂಧುತ್ವದ ಪ್ರಶ್ನೆ ಬಂದರೆ ಮೇಲ್ಮನವಿ ಕೋರ್ಟಿನಲ್ಲಿ 11 ನ್ಯಾಯಮೂರ್ತಿಗಳು ಕೂರಬೇಕು. ಕೋರ್ಟಿಗೆ ಐವರು ಹೊಸಬರು ಬಂದರು.

ಆ ವರ್ಷ ಮೇ ತಿಂಗಳಲ್ಲಿ ಕೆಲವು ಬಿಳಿ ಮಹಿಳೆಯರು ಸೇರಿ ಸೆನೆಟ್ ಮಸೂದೆಯ ವಿರುದ್ಧ ಒಂದು ಸಂಘಟನೆ ಕಟ್ಟಿದರು. ಹೆಗಲಿಂದ ಅಡ್ಡಲಾಗಿ ಕಪ್ಪು ಪಟ್ಟಿ ಧರಿಸಿ, ಸಂವಿಧಾನ ಸತ್ತಿದೆ, ನಾವು ಸೂತಕದಲ್ಲಿದ್ದೇವೆ ಅನ್ನೋ ಹಾಗೆ ಮಂತ್ರಿಗಳು ಬರುವ ಜಾಗದಲ್ಲಿ ಸುಮ್ಮನೆ ಸಾಲಾಗಿ ನಿಲ್ಲುತ್ತಿದ್ದರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಬ್ಲ್ಯಾಕ್ ಸ್ಯಾಶ್ ಅನ್ನೋ ಹೆಸರೇ ನಿಂತಿತು. ಸೆನೆಟ್ ಕಾಯ್ದೆ ಪಾಸಾದ ಮೇಲೂ ಅವರು ಮನೆಗೆ ಹೋಗಲಿಲ್ಲ, ಮುಂದಿನ ದಶಕಗಳಲ್ಲಿ ಕರಿಯರ ಓಡಾಟಕ್ಕೆ ಪರವಾನಗಿ ಚೀಟಿ ಬೇಕೆನ್ನುತ್ತಿದ್ದ ಪಾಸ್ ಕಾನೂನಿನಲ್ಲಿ ಸಿಕ್ಕಿಬಿದ್ದ ಕರಿಯ ಜನರಿಗೆ ಸಲಹಾ ಕೇಂದ್ರಗಳನ್ನು ನಡೆಸಿದರು.

1956ರಲ್ಲಿ ಹಿಗ್ಗಿಸಿದ ಸೆನೆಟ್ಟೂ ಕೆಳಮನೆಯೂ ಒಟ್ಟಿಗೆ ಕೂತವು. 174 ಪರ, 68 ವಿರೋಧ. ಮೂರನೇ ಎರಡು ದಾಟಿತು. 1951ರ ಕಾಯ್ದೆಗೆ ಜೀವ ಬಂತು, ಸಂಸತ್ತಿನ ಕಾಯ್ದೆಗಳ ಸಿಂಧುತ್ವವನ್ನು ಇನ್ನು ಕೋರ್ಟು ಪರೀಕ್ಷಿಸುವಂತಿಲ್ಲ ಅಂತಲೂ ಬರೆದರು. ಒಂದಕ್ಕೆ ಮಾತ್ರ ವಿನಾಯಿತಿ: ಭಾಷೆಯ ಸೆಕ್ಷನ್. 1925ರಲ್ಲಿ ಡಚ್ ಅಂದರೆ ಆಫ್ರಿಕಾನ್ಸ್ ಕೂಡ ಅಂತ ಸೇರಿಸಿಕೊಂಡಿದ್ದರು, ಆ ಸಮಾನ ಸ್ಥಾನಕ್ಕೆ ಕೋರ್ಟಿನ ರಕ್ಷಣೆ ಹಾಗೇ ಇರಲಿ ಅಂದರು. ಒಂದೇ ಬೀಗದ ಅಡಿಯಲ್ಲಿ ಎರಡು ವಸ್ತು ಇಟ್ಟಿದ್ದರು. ತಮ್ಮದನ್ನು ಭದ್ರವಾಗಿಟ್ಟುಕೊಂಡು ಇನ್ನೊಬ್ಬರದ್ದನ್ನು ತೆಗೆದು ಹೊರಗೆಸೆದರು.

ಮತ್ತೆ ಕೋರ್ಟು, ಈ ಸಲ ಕಾಲಿನ್ಸ್ ಎಂಬ ಮತದಾರನ ಹೆಸರಿನಲ್ಲಿ. ಹನ್ನೊಂದು ನ್ಯಾಯಮೂರ್ತಿಗಳು. 1956ರ ನವೆಂಬರಿನಲ್ಲಿ ತೀರ್ಪು ಬಂತು, ಹತ್ತಕ್ಕೆ ಒಂದು, ಸರ್ಕಾರದ ಪರ.

ಹೊಸ ನ್ಯಾಯಮೂರ್ತಿಗಳನ್ನು ತುಂಬಿದ್ದಕ್ಕೇ ಹೀಗಾಯಿತು ಅಂತ ಮುಗಿಸಿಬಿಡೋದು ಸುಲಭ, ಆದರೆ ಅದು ನಿಜ ಅಲ್ಲ. ಬಹುಮತದ ತೀರ್ಪು ಬರೆದವರು ಸೆಂಟ್ಲಿವರ್ಸ್ ಅವರೇ, ಎರಡು ಸಲ ಸರ್ಕಾರಕ್ಕೆ ಅಡ್ಡ ನಿಂತ ಅದೇ ಸೆಂಟ್ಲಿವರ್ಸ್! ಅವರ ತರ್ಕವನ್ನು ಸುಮ್ನೆ ತಳ್ಳಿಹಾಕಲೂ ಆಗೋದಿಲ್ಲ. ಸೆನೆಟ್ಟಿನ ರಚನೆ ಬದಲಿಸುವ ಅಧಿಕಾರ ಸಂಸತ್ತಿಗೆ ಇದೆ, ಬದಲಿಸಿತು. ಬದಲಾದ ಸೆನೆಟ್ ಸೆನೆಟ್ಟೇ. ಜಂಟಿ ಅಧಿವೇಶನ ಕೂತಿತು, ಮೂರನೇ ಎರಡು ಬಂತು. ಪ್ರತಿ ಹೆಜ್ಜೆಯೂ ಕಾನೂನಿನ ಒಳಗೇ ಇದ್ದರೆ, ಹೆಜ್ಜೆ ಇಟ್ಟವರ ಮನಸ್ಸಿನಲ್ಲಿ ಏನಿತ್ತು ಅಂತ ನೋಡೋದು ಕೋರ್ಟಿನ ಕೆಲಸ ಅಲ್ಲ. 1952ರಲ್ಲಿ ಇದೇ ಕೋರ್ಟು ದಾರಿ ಸರಿಯಿದೆಯಾ ಅಂತ ಮಾತ್ರ ನೋಡುತ್ತೇವೆ, ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳೋದಿಲ್ಲ ಅಂದಿತ್ತು. ಆ ಮಾತಿನ ಇನ್ನೊಂದು ಮಗ್ಗುಲು ನಾಲ್ಕು ವರ್ಷದ ಮೇಲೆ ಕಾಣಿಸಿತು. ನನ್ನ ಪ್ರಕಾರ ಮೊದಲ ಗೆಲುವಿನ ಹೊಟ್ಟೆಯಲ್ಲೇ ಈ ಸೋಲು ಇತ್ತು. ವಿಧಾನಕ್ಕೆ ಮಾತ್ರ ಬೀಗ ಹಾಕಿದರೆ, ಕೀಲಿ ಮಾಡಿಸಿಕೊಳ್ಳುವಷ್ಟು ತಾಳ್ಮೆ ಇರುವವನಿಗೆ ಅದು ತೆರೆದೇ ತೆರೆಯುತ್ತದೆ.

ಒಪ್ಪದ ಆ ಒಬ್ಬರು ಆಲಿವರ್ ಶ್ರೈನರ್. 1909ರಲ್ಲಿ ಲಂಡನ್ನಿಗೆ ಹೋಗಿ ಬರಿಗೈಲಿ ಬಂದಿದ್ದ ಶ್ರೈನರ್ ಅವರ ಮಗ! ಅವರ ವಾದ ಇಷ್ಟು: ಮೂರನೇ ಎರಡರ ಷರತ್ತು ಇಟ್ಟದ್ದೇ ಸುಲಭದ ಬಹುಮತ ಸಾಲದು ಅಂತ. ಆ ಮೂರನೇ ಎರಡನ್ನು ತಯಾರಿಸಲೆಂದೇ, ಅದೊಂದೇ ಉದ್ದೇಶಕ್ಕೆ ಕಟ್ಟಿದ ಸೆನೆಟ್, 152ನೇ ಸೆಕ್ಷನ್ ಮನಸ್ಸಿನಲ್ಲಿಟ್ಟುಕೊಂಡ 'ಸಂಸತ್ತಿನ ಮನೆ' ಆಗೋದಿಲ್ಲ. ಹೆಜ್ಜೆಗಳನ್ನು ಬಿಡಿಬಿಡಿಯಾಗಿ ನೋಡಬೇಡಿ, ಇಡೀ ನಡಿಗೆಯನ್ನು ಒಟ್ಟಿಗೆ ನೋಡಿ ಅಂದರು. ಅಂದರೆ 1952ರ ಪ್ರಶ್ನೆಯನ್ನೇ, ಸಂಸತ್ತು ಅಂದರೆ ಯಾರು ಅನ್ನೋದನ್ನೇ, ಅವರು ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಸಿ ಕೇಳಿದರು. ನನಗೆ ಅವರೇ ಸರಿ ಅನ್ನಿಸುತ್ತದೆ, ಆದರೆ ಆ ಹತ್ತು ಜನರ ಕುರ್ಚಿಯಲ್ಲಿ ಕೂತಿದ್ದರೆ ಅಷ್ಟು ಧೈರ್ಯ ಬರುತ್ತಿತ್ತಾ, ಹೇಳಲಾರೆ.

ಸೆಂಟ್ಲಿವರ್ಸ್ ನಿವೃತ್ತರಾದ ಮೇಲೆ ಹಿರಿತನದಲ್ಲಿ ಮುಂದಿದ್ದವರು ಶ್ರೈನರ್. ಅವರನ್ನು ಬಿಟ್ಟು ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. 1959ರಲ್ಲಿ ಮತ್ತೆ ಜಾಗ ಖಾಲಿಯಾದಾಗಲೂ ಅಷ್ಟೇ. ದಕ್ಷಿಣ ಆಫ್ರಿಕಾ ಪಡೆಯದೇ ಹೋದ ಅತ್ಯುತ್ತಮ ಮುಖ್ಯ ನ್ಯಾಯಮೂರ್ತಿ ಅಂತ ಅಲ್ಲಿಯ ವಕೀಲರು ಇವತ್ತಿಗೂ ಅವರ ಬಗ್ಗೆ ಹೇಳುತ್ತಾರೆ.

ಇದನ್ನು ಓದಿದಾಗ ಕನ್ನಡದವರಿಗೆ ಇನ್ನೊಂದು ಹೆಸರು ನೆನಪಾಗಲೇಬೇಕು. ಕಾರ್ಕಳ ತಾಲೂಕಿನ ಕವ್ಡೂರಿನ ಕೆ. ಎಸ್. ಹೆಗ್ಡೆ. 1973ರ ಏಪ್ರಿಲ್ 24ರಂದು ನಮ್ಮ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೇಶವಾನಂದ ಭಾರತಿ ಕೇಸಿನಲ್ಲಿ ಏಳು-ಆರು ಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡವುವಂತಿಲ್ಲ ಎಂದರು. ಕೇಸು ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನಕ್ಕೂ ಕನ್ನಡಕ್ಕೂ ಆಸರೆಯಾಗಿದ್ದ ಮಠ ಅದು. ತೀರ್ಪಿನ ಬೆನ್ನಿಗೇ ಸರ್ಕಾರ, ಆ ಏಳರಲ್ಲಿದ್ದ ಹಿರಿಯರಾದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಗೆ ಹೋಗಿ, ಅದೇ ವರ್ಷ ಅಲ್ಲಿಯ ಸ್ಪೀಕರ್ ಆದರು.

ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಕೋರ್ಟು ಕೇಳುವ ಪ್ರಶ್ನೆ ಹೇಗೆ ಬದಲಾಗಿದೆ ಅಂತ ಕಾಣುತ್ತದೆ. ಬ್ಲೂಮ್‌ಫಾಂಟೇನ್ ಕೇಳಿದ್ದು, ಸರಿಯಾದ ಬಾಗಿಲಿಂದ ಬಂದಿರಾ? ದೆಹಲಿ ಕೇಳಿದ್ದು, ಬಾಗಿಲು ಸರಿ, ಆದರೆ ಒಳಗೆ ಬಂದು ಕಂಬ ಕಡಿಯುತ್ತೀರಾ? ಇವೆರಡರ ನಡುವೆ ಸಿಲೋನ್ (ಇಂದಿನ ಶ್ರೀಲಂಕಾ) ಬರುತ್ತದೆ, ಅದೂ ಡೊಮಿನಿಯನ್ನೇ. 1964ರಲ್ಲಿ ಲಂಚದ ಕೇಸೊಂದರಲ್ಲಿ, ರಣಸಿಂಘೆ ಎಂಬ ಆರೋಪಿಯ ವಿರುದ್ಧ ಲಂಚ ಆಯುಕ್ತರು ಹಾಕಿದ ಮೇಲ್ಮನವಿ, ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ತನಕ ಹೋದಾಗ, ಮೂರನೇ ಎರಡು ಬೇಕಾದ ಕಡೆ ಅದಿಲ್ಲದೆ ಮಾಡಿದ ಕಾನೂನು ನಡೆಯಲ್ಲ ಅಂತ ಲಂಡನ್ನಿನ ನ್ಯಾಯಮೂರ್ತಿಗಳೇ ಹೇಳಿದರು. ಶಾಸನಸಭೆಗೆ ಅಧಿಕಾರ ಕೊಟ್ಟ ಕಾಗದವೇ ಷರತ್ತನ್ನೂ ಹಾಕಿದ್ದರೆ ಆ ಷರತ್ತನ್ನು ಕಡೆಗಣಿಸುವಂತಿಲ್ಲ ಅಂತ. ಹ್ಯಾರಿಸ್ ಕೇಸಿನ ದಾರಿಯೇ ಅದು, ಮುಂದೆ ಕೇಶವಾನಂದ ಕೇಸಿನಲ್ಲೂ ರಣಸಿಂಘೆ ತೀರ್ಪಿನ ಚರ್ಚೆ ಆಯಿತು.

ಇತ್ತ ದಕ್ಷಿಣ ಆಫ್ರಿಕಾದಲ್ಲಿ, ಕೆಲಸ ಮುಗಿದ ಮೇಲೆ 1960ರಲ್ಲಿ ಸೆನೆಟ್ಟನ್ನು ಮತ್ತೆ ಚಿಕ್ಕದು ಮಾಡಿದರು. ಕಲರ್ಡ್ ಜನರ ಆ ನಾಲ್ಕು ಸೀಟುಗಳನ್ನೂ 1968ರ ಕಾನೂನು ತೆಗೆದುಹಾಕಿತು.

1994ರ ನಂತರ ಅಲ್ಲಿ ಸಂಸತ್ತಿನ ಮೇಲೆ ಸಂವಿಧಾನ ಕೂತಿದೆ, ಅದನ್ನು ಕಾಯಲೆಂದೇ ಜೊಹಾನ್ಸ್‌ಬರ್ಗ್‌ನಲ್ಲಿ ಒಂದು ಕೋರ್ಟಿದೆ. 1995ರ ಫೆಬ್ರವರಿಯಲ್ಲಿ ಅದನ್ನು ಉದ್ಘಾಟಿಸುವಾಗ ನೆಲ್ಸನ್ ಮಂಡೇಲಾ, ಹಿಂದಿನ ಸಲ ನಾನು ಕೋರ್ಟಿಗೆ ಬಂದದ್ದು ನನಗೆ ಮರಣದಂಡನೆ ಆಗುತ್ತದೋ ಇಲ್ಲವೋ ಅಂತ ಕೇಳಿಸಿಕೊಳ್ಳೋಕೆ ಅಂದರು. ಏಳು ತಿಂಗಳಲ್ಲಿ ಅದೇ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಸಂಬಂಧಿಸಿದ ಕಾಯ್ದೆಯನ್ನು ಅಧ್ಯಕ್ಷರೇ ಆದೇಶ ಹೊರಡಿಸಿ ತಿದ್ದಬಹುದು ಅಂತ ಸಂಸತ್ತು ಬರೆದುಕೊಟ್ಟಿತ್ತು, ಮಂಡೇಲಾ ತಿದ್ದಿದ್ದರು. ಕಾನೂನು ಮಾಡುವ ಕೆಲಸವನ್ನು ಸಂಸತ್ತು ಹೀಗೆ ಬೇರೆಯವರಿಗೆ ವಹಿಸಿಬಿಡುವಂತಿಲ್ಲ ಅಂತ ಕೋರ್ಟು ಅದನ್ನು ಹೊಡೆದುಹಾಕಿತು. ಕೇಸು ಹಾಕಿದ್ದು ವೆಸ್ಟರ್ನ್ ಕೇಪ್ ಪ್ರಾಂತ್ಯದ ಸರ್ಕಾರ, ಆಗ ಅದನ್ನು ನಡೆಸುತ್ತಿದ್ದದ್ದು, ನಂಬಿದರೆ ನಂಬಿ, ನ್ಯಾಷನಲ್ ಪಾರ್ಟಿ. ಸಂಸತ್ತು ತಪ್ಪನ್ನು ತಾನೇ ಸರಿಮಾಡಲಿ ಅಂತ ಕೋರ್ಟು ಸುಮಾರು ಒಂದು ತಿಂಗಳ ಗಡುವು ಕೊಟ್ಟಿತು. ಮಂಡೇಲಾ ತಡಮಾಡದೆ, ತೀರ್ಪಿಗೆ ತಲೆಬಾಗುತ್ತೇನೆ ಅಂದರು.